ಟ್ರೊಮ್ಸೊದಿಂದ ಲಾಂಗ್‌ಇಯರ್‌ಬೀನ್: ಮ್ಯಾಪ್‌ನಲ್ಲಿ ಕಾಣುವಷ್ಟು ದೂರ ಇಲ್ಲ

ನಾರ್ವೆಯ ಟ್ರೊಮ್ಸೊದಿಂದ ಆರ್ಕ್ಟಿಕ್ ದ್ವೀಪಸಮೂಹವಾದ ಸ್ವಾಲ್ಬಾರ್ಡ್‌ನ ಲಾಂಗ್‌ಇಯರ್‌ಬೀನ್‌ಗೆ ಮೂರು ನಾಲ್ಕು ಗಂಟೆ ಬೇಕಾಗುತ್ತಾ ಎಂದು ಕೇಳಿದ್ದೀರಿ. ಬೇಡ. ನೇರ ದೂರ ಸುಮಾರು 960 ಕಿ.ಮೀ. ಜೆಟ್ ವಿಮಾನಕ್ಕೆ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಮ್ಯಾಪ್ ನೋಡಿ ಗಾಬರಿಯಾಗಿದ್ದೀರಿ ಅನ್ಸುತ್ತೆ. ನಾವು ದಿನಾ ನೋಡುವ ಮರ್ಕೇಟರ್ ನಕ್ಷೆಯಲ್ಲಿ ಉತ್ತರಕ್ಕೆ ಹೋದಷ್ಟೂ ಎಲ್ಲವೂ ಹಿಗ್ಗುತ್ತದೆ. 70 ಡಿಗ್ರಿ ಅಕ್ಷಾಂಶದ ಹತ್ತಿರ ಸುಮಾರು ಮೂರು ಪಟ್ಟು, 78ರಲ್ಲಿ ಹೆಚ್ಚುಕಡಿಮೆ ಐದು ಪಟ್ಟು. ನೀವೇ ಲೆಕ್ಕ ಹಾಕಬಹುದು: ಎರಡೂ ಊರು ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿವೆ, ನಡುವೆ ಎಂಟೂವರೆ ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದು ಗುಣಿಸಿ.

ದೂರಕ್ಕಿಂತ ವೀಸಾ ಕಡೆ ಗಮನ ಕೊಡಿ, ದಯವಿಟ್ಟು. ಸ್ವಾಲ್ಬಾರ್ಡ್ ನಾರ್ವೆಗೆ ಸೇರಿದ್ದರೂ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿನ) ಹೊರಗಿದೆ. ಭಾರತದ ಪಾಸ್‌ಪೋರ್ಟ್ ಇದ್ದರೆ ವಾಪಸ್ ಬರುವುದು ಷೆಂಗೆನ್‌ಗೆ ಎರಡನೇ ಪ್ರವೇಶ. ಹಾಗಾಗಿ ಕನಿಷ್ಠ ಎರಡು ಸಲ ಪ್ರವೇಶ ಕೊಡುವ ವೀಸಾನೇ ತಗೊಳ್ಳಿ. ಹೊರಡುವಾಗ ಪಾಸ್‌ಪೋರ್ಟ್ ತಪಾಸಣೆಯೂ ಇರುತ್ತದೆ. ಟ್ರೊಮ್ಸೊದಲ್ಲಿ ವಿಮಾನ ಬದಲಿಸುವುದಾದರೆ ನಡುವೆ ಎರಡು ಗಂಟೆಯಾದರೂ ಬಿಡಿ.