ಛಾಯಾಗ್ರಾಹಕಿಯರ ಫೋಟೊ ಪುಸ್ತಕಗಳು: ಕಾರವಾರದಲ್ಲಿ ಕುಳಿತು ಎಲ್ಲಿಂದ ಆರಂಭಿಸಲಿ?

ನೀವು ಕೇಳಿರುವುದು ಮೂರು ಪ್ರಶ್ನೆ. ಹೆಂಗಸರು ತಮ್ಮ ಬದುಕನ್ನೂ ಸುತ್ತಲಿನ ಸಮಾಜವನ್ನೂ ಕುರಿತು ಮಾಡಿದ ಫೋಟೊ ಪುಸ್ತಕಗಳಲ್ಲಿ ಯಾವುದನ್ನು ಮೊದಲು ನೋಡಬೇಕು, ಕಾರವಾರದಲ್ಲಿದ್ದುಕೊಂಡು ಅವನ್ನು ನೋಡುವುದು ಹೇಗೆ, ಮೀನು ಮಾರುವ ನಿಮ್ಮ ತಾಯಿಯನ್ನು ಕುರಿತು ನೀವು ತೆಗೆಯುತ್ತಿರುವ ಚಿತ್ರಗಳು ಪುಸ್ತಕವಾದಾವೇ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: "ಅಮ್ಮ ಮುಖ ಮಾತ್ರ ಹಾಕಬೇಡ ಎನ್ನುತ್ತಾಳೆ." ನನಗೆ ಮುಖ್ಯವಾಗಿ ಕಂಡದ್ದು ಆ ಸಾಲು.

ನಾನು ವಿಮರ್ಶಕಿಯಲ್ಲ, ಶಿರಸಿಯಲ್ಲಿ ಮದುವೆ ಆಲ್ಬಮ್‌ಗಳ ಪುಟ ವಿನ್ಯಾಸ ಮಾಡುವವಳು. ಯಾರ ಮುಖ ದೊಡ್ಡದಾಗಬೇಕು, ಯಾರದ್ದು ಮೂಲೆಗೆ ಹೋಗಬೇಕು, ಮದುಮಗಳ ಮೂಗು ನಡುಮಡಿಕೆಗೆ ಸಿಗದಂತೆ ಚಿತ್ರವನ್ನು ಎಷ್ಟು ಸರಿಸಬೇಕು ಎಂದು ನೋಡುವುದೇ ಬೆಳಗಿನಿಂದ ಸಂಜೆಯವರೆಗಿನ ಕೆಲಸ. ಹಿಂದಿನ ರಾತ್ರಿ ಹಿತ್ತಿಲಲ್ಲಿ ಕುಳಿತು ತರಕಾರಿ ಹೆಚ್ಚಿದ ಹೆಂಗಸರ ಎಷ್ಟು ಒಳ್ಳೆಯ ಚಿತ್ರಗಳು ನನ್ನ ಕೈಗೆ ಬರುತ್ತವೆಯೆಂದರೆ, ಹೇಳಿದರೆ ನಂಬಲಿಕ್ಕಿಲ್ಲ. ಆಲ್ಬಮ್‌ಗೆ ಹೋಗುವುದು ವೇದಿಕೆಯ ಮೇಲಿನ ಸಾಲು ಸಾಲು ಗುಂಪು ಚಿತ್ರಗಳು. ಹೀಗಾಗಿ ಯಾವ ಫೋಟೊ ಪುಸ್ತಕ ಕೈಗೆತ್ತಿಕೊಂಡರೂ ನಾನು ಮೊದಲು ನೋಡುವುದು ಒಂದನ್ನೇ: ಚಿತ್ರದಲ್ಲಿರುವವರಿಗೆ ಈ ಪುಸ್ತಕದಲ್ಲಿ ಎಷ್ಟು ಪಾಲಿದೆ?

ಈ ಅಳತೆಯಲ್ಲಿ ನನ್ನ ಮೊದಲ ಶಿಫಾರಸು ದಯಾನಿತಾ ಸಿಂಗ್ ಅವರ 'ಮೈಸೆಲ್ಫ್ ಮೋನಾ ಅಹ್ಮದ್' (2001). ಮೋನಾ ದೆಹಲಿಯ ಹಿಜ್ರಾ ಸಮುದಾಯದವರು. ಆ ಸಮುದಾಯದಿಂದಲೂ ದೂರವಾಗಿ, ಖಬರಸ್ತಾನದಲ್ಲಿ ಮನೆ ಮಾಡಿಕೊಂಡು ಬದುಕಿದವರು. 1989ರಲ್ಲಿ ಲಂಡನ್ನಿನ ಪತ್ರಿಕೆಯೊಂದರ ಕೆಲಸಕ್ಕಾಗಿ ದಯಾನಿತಾ ಮೊದಲ ಬಾರಿ ಮೋನಾರನ್ನು ಭೇಟಿಯಾದರು. ಚಿತ್ರಗಳು ಅಲ್ಲಿ ಅಚ್ಚಾಗುತ್ತವೆ, ಅಲ್ಲಿರುವ ತಮ್ಮ ಬಂಧುಗಳ ಕಣ್ಣಿಗೂ ಬೀಳುತ್ತವೆ ಎಂದು ತಿಳಿದಾಗ ಮೋನಾ ಫಿಲ್ಮ್ ವಾಪಸು ಕೇಳಿದರು. ದಯಾನಿತಾ ಕೊಟ್ಟುಬಿಟ್ಟರು. ಕೈಯಲ್ಲಿದ್ದ ಕೆಲಸ ಹೋಯಿತು, ಆದರೆ ಅಲ್ಲಿಂದ ಶುರುವಾದ ಸ್ನೇಹ ಮೋನಾ 2017ರಲ್ಲಿ ತೀರಿಕೊಳ್ಳುವವರೆಗೂ ಉಳಿಯಿತು. ಪುಸ್ತಕದಲ್ಲಿರುವ ಬರಹವೂ ಛಾಯಾಗ್ರಾಹಕಿಯದಲ್ಲ. ಮೋನಾ ಪ್ರಕಾಶಕರಿಗೆ ಬರೆಸಿ ಕಳಿಸಿದ ಇಮೇಲ್‌ಗಳು. ದತ್ತು ಮಗಳ ಹುಟ್ಟುಹಬ್ಬದ ಸಂಭ್ರಮ ಒಂದು ಪುಟದಲ್ಲಿದ್ದರೆ, ಅವಳನ್ನು ಕಳೆದುಕೊಂಡ ಸಂಕಟ ಇನ್ನೊಂದರಲ್ಲಿದೆ. ಖಾಸಗಿ ಎಲ್ಲಿ ಮುಗಿದು ಸಾಮಾಜಿಕ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಹೋದರೆ ಕೈ ಸೋಲುತ್ತದೆ.

ದಯಾನಿತಾ ಅವರ 'ಸೆಂಟ್ ಎ ಲೆಟರ್' (2008) ಇನ್ನೊಂದು ಬಗೆಯದು. ಹಾರ್ಮೋನಿಯಂ ತಿದಿಯ ಹಾಗೆ ಮಡಿಸಿದ ಏಳು ಪುಟ್ಟ ಪುಸ್ತಕಗಳು, ಒಂದು ಪೆಟ್ಟಿಗೆ. ಅವುಗಳಲ್ಲೊಂದು ಅವರ ತಾಯಿ ನೋನಿ ಸಿಂಗ್ ತೆಗೆದ ಚಿತ್ರಗಳದು. ಮಗಳ ಪೆಟ್ಟಿಗೆಯಲ್ಲಿ ತಾಯಿಯ ಪುಸ್ತಕ! ಇದನ್ನು ನೆನಪಿಡಿ, ನಿಮಗೆ ಬೇಕಾಗುತ್ತದೆ.

ಎರಡನೆಯದು ಗೌರಿ ಗಿಲ್ ಅವರ 'ಬಾಲಿಕಾ ಮೇಲಾ' (2012). ಸ್ಟುಡಿಯೊದಲ್ಲಿ ಕೆಲಸ ಮಾಡುವವಳಾದ್ದರಿಂದ ಇದರ ಮೇಲೆ ನನಗೆ ಪಕ್ಷಪಾತ ಇರಬಹುದು. 2003ರಲ್ಲಿ ರಾಜಸ್ಥಾನದ ಲೂಣಕರಣಸರದಲ್ಲಿ ಉರ್ಮೂಲ್ ಸೇತು ಸಂಸ್ಥಾನವು ಹಳ್ಳಿಯ ಹುಡುಗಿಯರಿಗಾಗಿ ಮೇಳವೊಂದನ್ನು ನಡೆಸಿತು. ಅಲ್ಲಿ ಗೌರಿ ಗಿಲ್ ಒಂದು ಡೇರೆಯನ್ನೇ ಸ್ಟುಡಿಯೊ ಮಾಡಿಕೊಂಡರು. ಊರಿನಲ್ಲಿ ಸಿಕ್ಕ ಪರದೆ, ಒಂದಿಷ್ಟು ಅಲಂಕಾರದ ಸಾಮಾನು. ಹೇಗೆ ನಿಲ್ಲಬೇಕು, ಯಾರ ಜೊತೆ ನಿಲ್ಲಬೇಕು, ಕೈಯಲ್ಲಿ ಏನು ಹಿಡಿಯಬೇಕು ಎಂಬುದು ಹುಡುಗಿಯರಿಗೇ ಬಿಟ್ಟದ್ದು. ಒಬ್ಬಳು ಗತ್ತಿನಿಂದ ನಿಂತರೆ ಇನ್ನೊಬ್ಬಳು ಗೆಳತಿಯ ಹೆಗಲು ಹಿಡಿದು ನಿಂತಿದ್ದಾಳೆ. ಬಡ ಹೆಣ್ಣುಮಕ್ಕಳನ್ನು ಕಂಡು ಅಯ್ಯೋ ಎನ್ನಲು ಪುಸ್ತಕ ಎಡೆಯನ್ನೇ ಕೊಡುವುದಿಲ್ಲ. ನಂತರ ಅಲ್ಲಿ ಹುಡುಗಿಯರಿಗೆ ಕ್ಯಾಮೆರಾ ಕಲಿಸುವ ಶಿಬಿರವೂ ನಡೆಯಿತು, 2010ರ ಮೇಳಕ್ಕೆ ಗೌರಿ ಮತ್ತೆ ಹೋದರು.

ಈಗ ಮುಖದ ವಿಷಯ. ಜಪಾನಿನ ಇಶಿಉಚಿ ಮಿಯಾಕೊ ಅವರ ತಾಯಿ 2000ದಲ್ಲಿ ತೀರಿಕೊಂಡರು. ತಾಯಿ ಮಗಳ ಸಂಬಂಧ ಅಷ್ಟು ಸಲೀಸಾಗಿರಲಿಲ್ಲ. ತೀರಿಹೋದ ಮೇಲೆ ಉಳಿದ ವಸ್ತುಗಳನ್ನು ಮಗಳು ಒಂದೊಂದಾಗಿ ಚಿತ್ರಿಸಿದರು: ಬಳಸಿ ಸವೆದ ಲಿಪ್‌ಸ್ಟಿಕ್, ಕೂದಲು ಸಿಕ್ಕಿಕೊಂಡ ಬಾಚಣಿಗೆ, ಬೆಳಕಿಗೆ ಹಿಡಿದಾಗ ಆಚೆಯದೆಲ್ಲ ಕಾಣುವಷ್ಟು ತೆಳುವಾದ ಒಳಉಡುಪು. 'ಮದರ್ಸ್' (2002) ಎಂಬ ಪುಸ್ತಕ ಹುಟ್ಟಿದ್ದು ಹೀಗೆ. ಬದುಕಿದ್ದಾಗ ತೆಗೆದ, ಸುಟ್ಟ ಗಾಯದ ಕಲೆಗಳಿರುವ ಚರ್ಮದ ಚಿತ್ರಗಳೂ ಅದರಲ್ಲಿವೆ. ಒಬ್ಬ ಹೆಂಗಸು ಹೇಗಿದ್ದಳು ಎಂಬುದು ಮುಖಕ್ಕಿಂತ ಆ ಬಾಚಣಿಗೆಯಲ್ಲಿ ಹೆಚ್ಚು ಗೊತ್ತಾಗುತ್ತದೆ. ಇದೇ ಕೈ ಮುಂದೆ ಹಿರೋಶಿಮಾದ ಬಾಂಬಿಗೆ ಬಲಿಯಾದವರ ಬಟ್ಟೆಗಳನ್ನು ಚಿತ್ರಿಸಿತು.

ಸ್ಪೇನಿನ ಲಾಯಾ ಅಬ್ರಿಲ್ ಅವರ 'ಆನ್ ಅಬಾರ್ಷನ್' 2018ರಲ್ಲಿ ಪ್ಯಾರಿಸ್ ಫೋಟೊ ಮೇಳ ಮತ್ತು ಅಪರ್ಚರ್ ಪ್ರಕಾಶನ ಸಂಸ್ಥೆ ಸೇರಿ ಕೊಡುವ ವರ್ಷದ ಫೋಟೊ ಪುಸ್ತಕ ಪ್ರಶಸ್ತಿ ಪಡೆಯಿತು. ಅಲ್ಲೂ ಉಪಕರಣಗಳು, ದಾಖಲೆಗಳು, ಸಾಕ್ಷ್ಯದ ಮಾತುಗಳು ಮುಖ್ಯ. ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ್ 2012ರಲ್ಲಿ ಐರ್ಲೆಂಡಿನ ಆಸ್ಪತ್ರೆಯಲ್ಲಿ ಗರ್ಭಪಾತ ನಿರಾಕರಿಸಲ್ಪಟ್ಟು ಪ್ರಾಣ ಬಿಟ್ಟದ್ದನ್ನು ಮರೆಯದವರಿಗೆ ಈ ಪುಸ್ತಕ ಪರದೇಶದ ಕಥೆ ಎನಿಸುವುದಿಲ್ಲ.

ತಾಯಿಯನ್ನು ಕುರಿತ ಇನ್ನೊಂದು ಪುಸ್ತಕ ಲಟೋಯಾ ರೂಬಿ ಫ್ರೇಜಿಯರ್ ಅವರ 'ದ ನೋಶನ್ ಆಫ್ ಫ್ಯಾಮಿಲಿ' (2014). ಅಮೆರಿಕದ ಬ್ರಾಡಕ್ ಎಂಬ ಉಕ್ಕಿನ ಕಾರ್ಖಾನೆಯ ಊರು, ಅಲ್ಲಿನ ತಮ್ಮದೇ ಕಪ್ಪು ಕುಟುಂಬದ ಅಜ್ಜಿ, ತಾಯಿ, ಮಗಳು. ಮನೆಯೊಳಗಿನ ಕಾಯಿಲೆಯ ಚಿತ್ರಗಳ ಪಕ್ಕದಲ್ಲೇ ಊರಿನ ಆಸ್ಪತ್ರೆ 2010ರಲ್ಲಿ ಮುಚ್ಚಿದ್ದು, ನಂತರ ಅದನ್ನು ಕೆಡವಿದ್ದು ಬರುತ್ತದೆ. ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಗೋವಾದ ಬಾಂಬೋಳಿಗೋ ಆಂಬುಲೆನ್ಸ್‌ನಲ್ಲಿ ಓಡುವ ನಮ್ಮ ಜಿಲ್ಲೆಯವರಿಗೆ ಆ ಪುಟಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆಲವು ಚಿತ್ರಗಳಲ್ಲಿ ಕ್ಯಾಮೆರಾ ತಾಯಿಯ ಕೈಯಲ್ಲಿದೆ.

ಎಲ್ಲರೂ ಮೊದಲು ಹೇಳುವ ಹೆಸರು ನ್ಯಾನ್ ಗೋಲ್ಡಿನ್, 'ದ ಬ್ಯಾಲಡ್ ಆಫ್ ಸೆಕ್ಷುಯಲ್ ಡಿಪೆಂಡೆನ್ಸಿ' (1986). ಸಂಗಾತಿಯಿಂದ ಹೊಡೆಸಿಕೊಂಡು ಕಣ್ಣು ಊದಿದ ತನ್ನದೇ ಮುಖವನ್ನು ಆಕೆ ಅದರಲ್ಲಿ ಇಟ್ಟಿದ್ದಾಳೆ. ದೊಡ್ಡ ಪುಸ್ತಕ, ಅನುಮಾನವಿಲ್ಲ. ಆದರೂ ಅಲ್ಲಿಂದ ಆರಂಭಿಸಿದವರು ಎಲ್ಲವನ್ನೂ ಬಿಚ್ಚಿಟ್ಟರೇ ಪ್ರಾಮಾಣಿಕತೆ ಎಂದುಕೊಂಡುಬಿಡುತ್ತಾರೆ. ಸ್ಯಾಲಿ ಮ್ಯಾನ್ ಅವರ 'ಇಮಿಡಿಯೇಟ್ ಫ್ಯಾಮಿಲಿ' (1992) ಚೆಲುವಾದ ಪುಸ್ತಕ, ಆದರೆ ತನ್ನ ಎಳೆಯ ಮಕ್ಕಳನ್ನು ಬೆತ್ತಲೆಯಾಗಿ ತೋರಿಸಿದ ಆ ಚಿತ್ರಗಳ ಮುಂದೆ ನನ್ನ ಅಳತೆಗೋಲು ಒಪ್ಪುವುದಿಲ್ಲ. ಅಮ್ಮನಿಗೆ ಬೇಡ ಎನ್ನುವುದು ಮಕ್ಕಳಿಗೆ ಅಷ್ಟು ಸುಲಭವೇ?

ಈ ಪಾಲಿನ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಚುಚ್ಚಬೇಕು. ಅಂಕೋಲಾ ಕುಮಟಾ ಕಡೆಯ ಹಾಲಕ್ಕಿ ಹೆಂಗಸರ ಕೊರಳಿನ ಮಣಿಸರಗಳ ಚಿತ್ರ ತೆಗೆಯದ ಕ್ಯಾಮೆರಾ ಇಲ್ಲ. ಅದೇ ಸಮುದಾಯದ ತುಳಸಿ ಗೌಡ ಅವರು 2021ರಲ್ಲಿ ಬರಿಗಾಲಲ್ಲಿ ಪದ್ಮಶ್ರೀ ಪಡೆದ ಚಿತ್ರ ದೇಶವೆಲ್ಲ ಹರಿದಾಡಿತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ವರ್ಷಗಟ್ಟಲೆ ಬೀಜ ಆರಿಸಿ ಸಸಿ ಎಬ್ಬಿಸಿದ ಅವರ ಕೈಗಳ ಬಗ್ಗೆ ಆ ಒಂದು ಚಿತ್ರ ಏನನ್ನೂ ಹೇಳದು. ಹೇಳಲು ಪುಟಗಳು ಬೇಕು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿ ಹುಡುಕಿ ನೋಡಿ. ಬ್ರಿಟಿಷರು ಬುಡಕಟ್ಟಿನವರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳೆದು ತೆಗೆದ ಚಿತ್ರಗಳನ್ನು ಅವರು ತಾವೇ ವೇಷ ಹಾಕಿ ಅಣಕಿಸಿದ್ದಾರೆ. ಕೇತಕಿ ಶೇಠ್ ಅವರ 'ಎ ಸರ್ಟನ್ ಗ್ರೇಸ್' (2013) ಆಫ್ರಿಕಾ ಮೂಲದ ಭಾರತೀಯರಾದ ಸಿದ್ದಿಗಳನ್ನು ಕುರಿತ ಕಪ್ಪುಬಿಳುಪು ಪುಸ್ತಕ. ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ಬಸ್ಸಿನಲ್ಲಿ ದಿನಾ ಕಾಣುವವರು ಅದನ್ನು ಬೇರೆಯವರಿಗಿಂತ ಚೆನ್ನಾಗಿ ಓದಬಲ್ಲರು.

ಸಿಗುವುದು ಎಲ್ಲಿ? ಕಾರವಾರ, ಶಿರಸಿಯ ಅಂಗಡಿಗಳಲ್ಲಿ ಇಲ್ಲ, ತರಿಸಿದರೆ ಬೆಲೆ ಸಾವಿರಗಳಲ್ಲಿ. ಗೌರಿ ಗಿಲ್ ಅವರ '1984' ಎಂಬ ಕಿರುಪುಸ್ತಕವನ್ನು ಅಂತರ್ಜಾಲದಲ್ಲಿ ಉಚಿತವಾಗಿಯೇ ಬಿಟ್ಟಿದ್ದಾರೆ. ದೆಹಲಿಯ ಸಿಖ್ ಹತ್ಯಾಕಾಂಡದಲ್ಲಿ ಬದುಕುಳಿದವರ ಚಿತ್ರಗಳು, ಪ್ರತಿ ಚಿತ್ರಕ್ಕೂ ಬೇರೆ ಬೇರೆಯವರು ಬರೆದ ಮಾತು. ಇಳಿಸಿಕೊಂಡು ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳಬಹುದು. ಉಳಿದವುಗಳಲ್ಲಿ ಹಲವನ್ನು ಪುಟ ಪುಟ ತಿರುಗಿಸಿ ತೋರಿಸುವ ವಿಡಿಯೊಗಳು ಯೂಟ್ಯೂಬ್‌ನಲ್ಲಿವೆ. ಧ್ವನಿ ಮುಚ್ಚಿ ನೋಡಿ. ಬೆಂಗಳೂರಿಗೆ ಹೋದರೆ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಗ್ರಹಣದ ವಸ್ತುಸಂಗ್ರಹಾಲಯವಿದೆ, ಜನ ಅದನ್ನು 'ಮ್ಯಾಪ್' ಎನ್ನುತ್ತಾರೆ. ನಿಮಗೆ ಅದಕ್ಕಿಂತ ಹತ್ತಿರ ಪಣಜಿ. ಡಿಸೆಂಬರಿನಲ್ಲಿ ನಡೆಯುವ ಸೆರೆಂಡಿಪಿಟಿ ಕಲಾ ಉತ್ಸವಕ್ಕೆ ರೈಲಿನಲ್ಲಿ ಮಡಗಾಂವ್‌ಗೆ ಹೋಗಿ ಬಸ್ ಹಿಡಿದರಾಯಿತು.

ಅಂದಹಾಗೆ, ಫೋಟೊಗಳಿಂದ ಮಾಡಿದ ಮೊತ್ತಮೊದಲ ಪುಸ್ತಕವೆಂದು ಹೇಳಲಾಗುವುದು ಹೆಂಗಸೊಬ್ಬಳದೇ. ಇಂಗ್ಲೆಂಡಿನ ಆನಾ ಆಟ್ಕಿನ್ಸ್ 1843ರಲ್ಲಿ ಸಮುದ್ರದ ಪಾಚಿಗಳನ್ನು ರಾಸಾಯನಿಕ ಸವರಿದ ಕಾಗದದ ಮೇಲಿಟ್ಟು, ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದು ನೀಲಿ ಚಿತ್ರಗಳನ್ನು ತೆಗೆದಳು. ಕ್ಯಾಮೆರಾ ಇರಲೇ ಇಲ್ಲ. ಕಾರವಾರದಲ್ಲಿ ಬಿಸಿಲಿಗೂ ಪಾಚಿಗೂ ಬರವಿಲ್ಲವಲ್ಲ.

ಇನ್ನು ನಿಮ್ಮ ಚಿತ್ರಗಳು. ಅಮ್ಮ ಬೇಡ ಎಂದರೆ ಬೇಡ. ಅವರನ್ನು ಒಪ್ಪಿಸಲು ಹೋಗಬೇಡಿ, ಆ ನಿರಾಕರಣೆಯ ಮೇಲೆಯೇ ಪುಸ್ತಕ ಕಟ್ಟಿ. ಬುಟ್ಟಿ, ಕತ್ತಿ, ತಕ್ಕಡಿ, ಒದ್ದೆ ನೋಟುಗಳನ್ನು ಇಡುವ ಚೀಲ, ಬಂಗಡೆಯ ಹೊಟ್ಟೆ ಸೀಳುವಾಗ ಹೆಬ್ಬೆರಳು ಬಾಗುವ ರೀತಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಬುಟ್ಟಿಯಲ್ಲಿ ಏನಿರುತ್ತದೆ? ಬುಟ್ಟಿಯನ್ನು ಒಂದೇ ಕೋನದಿಂದ ತಿಂಗಳು ತಿಂಗಳು ತೆಗೆದರೆ ಮನೆಯ ಲೆಕ್ಕವೂ ಕಡಲಿನ ಲೆಕ್ಕವೂ ಒಟ್ಟಿಗೆ ಸಿಗುತ್ತದೆ. ಕ್ಯಾಮೆರಾವನ್ನು ಒಮ್ಮೆ ಅವರ ಕೈಗೂ ಕೊಡಿ. ಗಿರಾಕಿಗಳು ಅವರಿಗೆ ಹೇಗೆ ಕಾಣುತ್ತಾರೆ ಎಂಬುದನ್ನು ನೀವು ಎಷ್ಟು ಕಲಿತರೂ ತೆಗೆಯಲಾರಿರಿ. ಚಿತ್ರದ ಕೆಳಗಿನ ಮಾತೂ ಅವರದ್ದೇ ಇರಲಿ, ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ.

ಪುಟ ಜೋಡಿಸಲು ಕಂಪ್ಯೂಟರ್ ಮುಟ್ಟಬೇಡಿ. ಸ್ಟುಡಿಯೊದಲ್ಲಿ ಚಿಕ್ಕ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹರಡಿ, ಅಮ್ಮನ ಎದುರಿಗೇ ಹಿಂದುಮುಂದು ಮಾಡಿ; ಅವರು ಬದಿಗೆ ಸರಿಸಿದ್ದು ಪುಸ್ತಕದಲ್ಲಿ ಬೇಡ. ಮೊದಲ ಪ್ರತಿಗೆ ಮುದ್ರಣಾಲಯ ಹುಡುಕಬೇಕಿಲ್ಲ, ನಮ್ಮಲ್ಲಿ ಕರಿಜ್ಮಾ ಎನ್ನುವ ಮದುವೆ ಆಲ್ಬಮ್ ಮಾಡುವ ಯಾವ ಲ್ಯಾಬ್ ಆದರೂ ಒಂದೇ ಒಂದು ಪ್ರತಿ ಮಾಡಿಕೊಡುತ್ತದೆ. ಹಾಳೆ ಪೂರ್ತಿ ಬಿಚ್ಚಿಕೊಳ್ಳುವುದರಿಂದ ನಡುಮಡಿಕೆಯ ತಲೆನೋವೂ ಕಡಿಮೆ. ಹನ್ನೆರಡು ಬೈ ಮೂವತ್ತಾರು ಇಂಚಿನದು ಬೇಡ, ಸಿಗುವ ಅತಿ ಚಿಕ್ಕ ಅಳತೆ ಕೇಳಿ. ಹೊಳೆಯುವ ಲ್ಯಾಮಿನೇಷನ್ ಬೇಡ, ಮ್ಯಾಟ್ ಸಾಕು ಎಂದು ಬರೆದು ಕೊಡಿ. ಹಾಗೆಯೇ ಹಿನ್ನೆಲೆಗೆ ಗುಲಾಬಿ ಹೂವು, ಹೃದಯದ ಆಕೃತಿ ಹಾಕಬಾರದು ಎಂದೂ ಬರೆಯಿರಿ. ಬರೆಯದಿದ್ದರೆ ನನ್ನಂಥವರು ಯಾರಾದರೂ ಅಭ್ಯಾಸಬಲದಿಂದ ಹಾಕಿಯೇ ಬಿಡುತ್ತಾರೆ.