ಕಣ್ಣಿನ ಫಂಗಸ್ ಹುಣ್ಣಿಗೆ ನಾಟಾಮೈಸಿನ್ ಬಿಟ್ಟು ಹೊಸ ಔಷಧಿಗೆ ಹೋಗಬೇಕೇ?

ನೀವು ಕೇಳಿದ್ದು ಇಷ್ಟು: ಅಂಕೋಲಾ ಕಡೆಯ ಊರಲ್ಲಿ ಭತ್ತ ಕೊಯ್ಯುವಾಗ ನಿಮ್ಮ ಆಯಿಯ ಕಣ್ಣಿಗೆ ತೆನೆ ಬಡಿದಿದೆ. ನಾಲ್ಕು ದಿನ ಮನೆಮದ್ದು ಮಾಡಿ ಆಮೇಲೆ ಆಸ್ಪತ್ರೆಗೆ ಹೋದಾಗ ಕಾರ್ನಿಯಾದಲ್ಲಿ, ಅಂದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ, ಫಂಗಸ್ ಹುಣ್ಣು ಎಂದರು. ನಾಟಾಮೈಸಿನ್ ಹನಿಯನ್ನು ಗಂಟೆಗೊಮ್ಮೆ ಹಾಕುತ್ತ ಎಂಟು ದಿನವಾಯಿತು, ಬಿಳಿ ಕಲೆ ಹಾಗೇ ಇದೆ. ವೊರಿಕೊನಜೋಲ್ ಎಂಬ ಹೊಸ ಔಷಧಿ ಇದಕ್ಕಿಂತ ಜೋರು ಎಂದು ಯಾರೋ ಹೇಳಿದ್ದಾರೆ. ಕೆಂಪು ಇಳಿಯಲಿ ಎಂದು ಮೆಡಿಕಲ್ ಶಾಪಿನವರು ಇನ್ನೊಂದು ಹನಿ ಕೊಟ್ಟಿದ್ದಾರೆ. ನಾಟಾಮೈಸಿನ್ ಬದಲಿಸಲು ಹೇಳಬೇಕೇ, ಕಲೆ ಹೋಗುತ್ತದೆಯೇ?

ನಾಟಾಮೈಸಿನ್ ಬಿಡಬೇಡಿ. ಅದಕ್ಕೆ ಕಾರಣ ಹೇಳುವ ಮೊದಲು ಆ ಎರಡನೇ ಬಾಟಲಿಯ ವಿಷಯ, ಯಾಕೆಂದರೆ ಅದು ಈಗಲೇ ಆಗಬೇಕಾದ ಕೆಲಸ. ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೂರೋಮೆಥೋಲೋನ್, ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್, ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಆ್ಯಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಸೇರಿಸಿದ ಹನಿಗಳೂ ಬಹಳ ಇವೆ. ಮೊದಲ ಹೆಸರು ನೋಡಿ ಸುಮ್ಮನಾಗದೆ ಪೂರ್ತಿ ಓದಿ. ಈಗಾಗಲೇ ಹಾಕಿದ್ದರೆ ನಿಲ್ಲಿಸಿ, ಎಷ್ಟು ದಿನ ಹಾಕಿದಿರಿ ಎಂಬುದನ್ನು ಬಾಟಲಿ ಸಮೇತ ಕಣ್ಣಿನ ವೈದ್ಯರಿಗೆ ತಿಳಿಸಿ. ಬೈಯುತ್ತಾರೆಂದು ಮುಚ್ಚಿಡಬೇಡಿ, ಅವರ ಮುಂದಿನ ತೀರ್ಮಾನಕ್ಕೆ ಈ ಮಾಹಿತಿ ಬೇಕೇ ಬೇಕು.

ಸ್ಟೀರಾಯ್ಡ್ ಹನಿ ಮೋಸ ಮಾಡುವುದು ಹೀಗೆ. ಕೆಂಪು, ನೋವು, ಊತ ಇವೆಲ್ಲ ಫಂಗಸ್ ವಿರುದ್ಧ ದೇಹ ನಡೆಸುತ್ತಿರುವ ಹೋರಾಟದ ಗುರುತುಗಳು. ಸ್ಟೀರಾಯ್ಡ್ ಆ ಹೋರಾಟವನ್ನೇ ಅದುಮುತ್ತದೆ. ಎರಡು ಮೂರು ದಿನ ಕಣ್ಣು ಬೆಳ್ಳಗಾಗಿ, ಗುಣವಾದಂತೆ ಕಾಣುತ್ತದೆ. ಅಷ್ಟರಲ್ಲಿ ಫಂಗಸ್ ಕಾರ್ನಿಯಾದ ಒಳಪದರಗಳಿಗೆ ಇಳಿದಿರುತ್ತದೆ. ‘ಬ್ಯಾಕ್ಟೀರಿಯಾ ಹುಣ್ಣಿಗೆ ಕೊಡುತ್ತಾರಲ್ಲ’ ಎಂದು ಕೇಳುವವರಿದ್ದಾರೆ. ಅದನ್ನೂ ಪರೀಕ್ಷಿಸಿ ನೋಡಿದ್ದಾಗಿದೆ. 2012ರಲ್ಲಿ ಪ್ರಕಟವಾದ ‘ಸ್ಕಟ್’ ಅಧ್ಯಯನದಲ್ಲಿ ಬ್ಯಾಕ್ಟೀರಿಯಾ ಎಂದು ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಖಚಿತವಾದ 500 ರೋಗಿಗಳಿದ್ದರು. ಅವರಿಗೂ 48 ಗಂಟೆ ಆ್ಯಂಟಿಬಯೋಟಿಕ್ ಕೊಟ್ಟ ಮೇಲೆಯೇ ಸ್ಟೀರಾಯ್ಡ್ ಶುರು ಮಾಡಿದ್ದು. ಮೂರು ತಿಂಗಳ ನಂತರ ಒಟ್ಟಾರೆ ದೃಷ್ಟಿಯಲ್ಲಿ ಲಾಭ ಕಾಣಲಿಲ್ಲ. ಫಂಗಸ್ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಳ್ಳಲೇ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ವೊರಿಕೊನಜೋಲ್ ಗೆಲ್ಲುತ್ತದೆ ಎಂದು ಕಾರ್ನಿಯಾ ತಜ್ಞರಲ್ಲೇ ಅನೇಕರು ನಂಬಿದ್ದರು, ಆ ನಂಬಿಕೆಗೆ ಆಧಾರವೂ ಇತ್ತು. ಅದು ಕಾರ್ನಿಯಾದೊಳಗೆ ಚೆನ್ನಾಗಿ ಇಳಿಯುತ್ತದೆ, ಪ್ರಯೋಗಾಲಯದಲ್ಲಿ ಅನೇಕ ಫಂಗಸ್‌ಗಳನ್ನು ತಡೆಯುತ್ತದೆ. ನಾಟಾಮೈಸಿನ್ ಹಳೆಯದು, ನೀರಲ್ಲಿ ಕರಗುವುದಿಲ್ಲ, ಆಳಕ್ಕೆ ಇಳಿಯುವುದೂ ಕಡಿಮೆ. ಹಾಗಾಗಿ ದಕ್ಷಿಣ ಭಾರತದ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ ಅಮೆರಿಕದ ಸಂಶೋಧಕರ ಜೊತೆ ಸೇರಿ ‘ಮಟ್’ ಎಂಬ ಅಧ್ಯಯನ ಮಾಡಿದರು. 323 ರೋಗಿಗಳು, ಯಾರಿಗೆ ಯಾವ ಹನಿ ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸಿದರು. ಅರ್ಧದಷ್ಟು ಜನರಿಗೆ 5% ನಾಟಾಮೈಸಿನ್, ಉಳಿದವರಿಗೆ 1% ವೊರಿಕೊನಜೋಲ್. 2013ರಲ್ಲಿ ಬಂದ ಫಲಿತಾಂಶ ನಿರೀಕ್ಷೆಗೆ ಉಲ್ಟಾ. ಮೂರು ತಿಂಗಳ ನಂತರ ನಾಟಾಮೈಸಿನ್ ಗುಂಪಿನವರು ದೃಷ್ಟಿ ಚಾರ್ಟಿನಲ್ಲಿ ಸರಾಸರಿ ಸುಮಾರು ಎರಡು ಸಾಲು ಹೆಚ್ಚು ಓದಿದರು. ಫ್ಯುಸೇರಿಯಂ ಎಂಬ ಫಂಗಸ್ ಇದ್ದವರಲ್ಲಂತೂ ವ್ಯತ್ಯಾಸ ನಾಲ್ಕು ಸಾಲು. ಕಾರ್ನಿಯಾ ತೂತಾಗುವುದು, ತುರ್ತಾಗಿ ಕಸಿ ಮಾಡಬೇಕಾಗುವುದು, ಇವೂ ವೊರಿಕೊನಜೋಲ್ ಗುಂಪಿನಲ್ಲೇ ಹೆಚ್ಚು. ಫ್ಯುಸೇರಿಯಂ ಅಲ್ಲದ ಫಂಗಸ್‌ಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ.

ನುಂಗುವ ವೊರಿಕೊನಜೋಲ್ ಮಾತ್ರೆಯ ಕಥೆಯೂ ಬೇರೆಯಲ್ಲ. ತೀವ್ರ ಹುಣ್ಣಿದ್ದ 240 ಜನರ ಎರಡನೇ ಅಧ್ಯಯನ 2016ರಲ್ಲಿ ಬಂತು. ಹನಿಯ ಜೊತೆ ಮಾತ್ರೆ ಕೊಟ್ಟರೂ ತೂತಾಗುವುದು ಒಟ್ಟಾರೆ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು. ಆಮೇಲೆ ನೇಪಾಳದಲ್ಲಿ ಅಗ್ಗದ ಕ್ಲೋರ್‌ಹೆಕ್ಸಿಡಿನ್ ಹನಿಯನ್ನು ನಾಟಾಮೈಸಿನ್ ಜೊತೆ ಹೋಲಿಸಿದಾಗಲೂ ನಾಟಾಮೈಸಿನ್ ಮುಂದೆ ಬಂತು. ಈ ಅಧ್ಯಯನಗಳು ನಮಗೆ ಹತ್ತಿರದವು ಎನ್ನುವುದನ್ನು ಒತ್ತಿ ಹೇಳುತ್ತೇನೆ. ಅಲ್ಲಿಯ ರೋಗಿಗಳಲ್ಲಿ ಬಹಳ ಮಂದಿ ನಿಮ್ಮ ಆಯಿಯ ಹಾಗೆ ಹೊಲಗದ್ದೆಯಲ್ಲಿ ದುಡಿಯುವವರು, ತೆನೆ, ಎಲೆ, ಕಡ್ಡಿ ತಾಗಿ ಹುಣ್ಣಾದವರು. ಕಾಂಟ್ಯಾಕ್ಟ್ ಲೆನ್ಸಿನಿಂದ ಹುಣ್ಣಾಗುವ ದೇಶಗಳ ಲೆಕ್ಕವನ್ನು ಇಲ್ಲಿಗೆ ತಂದು ಹೇಳುತ್ತಿಲ್ಲ.

ಹಾಗೆಂದು ವೈದ್ಯರೇ ವೊರಿಕೊನಜೋಲ್ ಬರೆದರೆ ತಪ್ಪೆಂದಲ್ಲ. ಹುಣ್ಣು ಆಳಕ್ಕೆ ಇಳಿದಾಗ, ನಾಟಾಮೈಸಿನ್ ಒಂದರಿಂದಲೇ ಹಿಡಿತಕ್ಕೆ ಬಾರದಾಗ ಅದನ್ನು ಜೊತೆಗೆ ಸೇರಿಸುತ್ತಾರೆ. ಸೇರಿಸುವುದು ಬೇರೆ, ನಾಟಾಮೈಸಿನ್ ಕೈಬಿಟ್ಟು ಬದಲಿಸುವುದು ಬೇರೆ. ಕೇಳಬೇಕಾದ ಪ್ರಶ್ನೆ ಒಂದಿದೆ: ಕೆರೆದು ತೆಗೆದ ಸ್ಯಾಂಪಲ್ಲಿನಲ್ಲಿ ಏನು ಕಂಡಿತು, ಕಲ್ಚರ್‌ನಲ್ಲಿ ಏನು ಬೆಳೆಯಿತು? ಹುಣ್ಣಿನ ಅಂಚಿನಿಂದ ಕೆರೆದ ಚೂರನ್ನು ಗಾಜಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಜೀವಕೋಶಗಳೆಲ್ಲ ಕರಗಿ, ಅಲ್ಲಲ್ಲಿ ಅಡ್ಡಗೋಡೆಯಿರುವ, ಕವಲೊಡೆದ ಫಂಗಸ್ ಎಳೆಗಳು ಮೈಕ್ರೋಸ್ಕೋಪಿನಲ್ಲಿ ಕಾಣುತ್ತವೆ. ಅದು ಫಂಗಸ್ ಹೌದೋ ಅಲ್ಲವೋ ಎಂದು ಹೇಳುತ್ತದೆ. ಯಾವ ಫಂಗಸ್ ಎಂದು ತಿಳಿಯಲು ಕಲ್ಚರ್ ಬೇಕು, ಅದಕ್ಕೆ ಕೆಲವು ದಿನ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಆ ರಿಪೋರ್ಟಿನ ಪ್ರತಿ ಕೇಳಿ ಪಡೆದು ಇಟ್ಟುಕೊಳ್ಳಿ.

ಎಂಟು ದಿನ ಕಡಿಮೆಯೇ. ಮಟ್ ಅಧ್ಯಯನದಲ್ಲಿ ಎಚ್ಚರವಿರುವಷ್ಟು ಹೊತ್ತು ಮೊದಲ ವಾರ ಗಂಟೆಗೊಂದು ಹನಿ, ಅಲ್ಲಿಂದ ಮೂರು ವಾರ ಮುಗಿಯುವ ತನಕ ಎರಡು ಗಂಟೆಗೊಂದು. ಮುಂದೆ ಎಷ್ಟು ದಿನ ಎಂಬುದು ವೈದ್ಯರು ನೋಡಿ ಹೇಳುವ ಮಾತು. ನಿಮ್ಮ ವೈದ್ಯರು ಬರೆದ ಲೆಕ್ಕವೇ ನಿಮಗೆ ಅಂತಿಮ. ಗುಣವಾಗುವುದನ್ನು ಕಲೆಯ ಬಿಳುಪಿನಿಂದ ಅಳೆಯಬೇಡಿ. ಮೊದಲು ನೋವು ಮತ್ತು ನೀರು ಸುರಿಯುವುದು ಕಡಿಮೆಯಾಗುತ್ತದೆ. ಆಮೇಲೆ ಗರಿಗರಿಯಾಗಿ ಹರಡಿದ್ದ ಅಂಚು ಮೊಂಡಾಗಿ, ಹುಣ್ಣಿಗೊಂದು ಗಡಿ ಬರುತ್ತದೆ. ಇದು ಕಣ್ಣು ನೋಡುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನಲ್ಲಿ ವೈದ್ಯರಿಗೆ ಕಾಣುವಂಥದ್ದು, ಮೊಬೈಲ್ ಫೋಟೊ ನೋಡಿ ತೀರ್ಮಾನಿಸುವಂಥದ್ದಲ್ಲ.

ಇನ್ನೊಂದು ಗಲಿಬಿಲಿಯೂ ಸಾಮಾನ್ಯ. ನಾಟಾಮೈಸಿನ್ ಪುಡಿ ತೇಲುವ ದ್ರಾವಣವಾದ್ದರಿಂದ ಹುಣ್ಣಿನ ಮೇಲೂ ಕೆಳರೆಪ್ಪೆಯ ಒಳಗೂ ಮೊಸರಿನಂತೆ ಬಿಳಿಯಾಗಿ ಕೂರುತ್ತದೆ. ಅದು ಕೀವಲ್ಲ. ಕಣ್ಣೊಳಗೆ ಒರೆಸಲು ಹೋಗಬೇಡಿ. ರೆಪ್ಪೆಯ ಹೊರಗಿನದನ್ನು ಮಾತ್ರ ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ತೆಗೆಯಿರಿ.

ಹನಿ ಹಾಕುವುದರಲ್ಲೇ ಅರ್ಧ ಚಿಕಿತ್ಸೆ ಕೆಡುವುದುಂಟು. ಪ್ರತಿ ಸಲ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಬೇಕು, ಇಲ್ಲದಿದ್ದರೆ ಔಷಧಿ ತಳದಲ್ಲೇ ಉಳಿದು ಬರೀ ನೀರು ಕಣ್ಣಿಗೆ ಹೋಗುತ್ತದೆ. ಕೈ ಸೋಪಿನಲ್ಲಿ ತೊಳೆದು, ಆಯಿಯನ್ನು ಮಲಗಿಸಿ, ಕೆಳರೆಪ್ಪೆ ಮೆಲ್ಲಗೆ ಎಳೆದು ಆ ಚೀಲದೊಳಗೆ ಒಂದೇ ಹನಿ. ಎರಡನೆಯದು ಕೆನ್ನೆಗೇ ಹರಿಯುತ್ತದೆ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಹಾಕಿದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿಸಿ. ಬೇರೆ ಹನಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಅಟ್ರೋಪಿನ್ ಅಥವಾ ಹೋಮಟ್ರೋಪಿನ್ ಕೊಟ್ಟಿದ್ದರೆ ಪಾಪೆ ಹಿಗ್ಗಿ ಮಂಜಾಗುತ್ತದೆ, ಬೆಳಕು ಚುಚ್ಚುತ್ತದೆ. ಅದು ನೋವು ತಗ್ಗಿಸಲು ಕೊಟ್ಟದ್ದು, ಹುಣ್ಣು ಹೆಚ್ಚಾಯಿತೆಂದು ಹೆದರಬೇಡಿ. ಕಣ್ಣಿಗೆ ಬಟ್ಟೆಯ ಪಟ್ಟಿ ಕಟ್ಟಬೇಡಿ. 5 ಮಿಲಿ ಬಾಟಲಿಯಲ್ಲಿ ಅಂದಾಜು ನೂರು ಹನಿ ಇರುತ್ತವೆ, ದಿನಕ್ಕೆ ಹದಿನಾರರಂತೆ ವಾರದೊಳಗೆ ಖಾಲಿ. ಹಳ್ಳಿಯ ಅಂಗಡಿಯಲ್ಲಿ ಸಿಗದೆ ಎರಡು ದಿನ ತಪ್ಪುವುದು ಬೇಡ, ಒಂದು ಬಾಟಲಿ ಮೊದಲೇ ತಂದಿಡಿ. ಬಿಸಿಲು, ಒಲೆಯ ಕಾವು ತಾಗದ ಕಡೆ ಇರಲಿ. ಆಯಿಯ ರಕ್ತದ ಸಕ್ಕರೆ ನೋಡಿಸಿಲ್ಲವಾದರೆ ನೋಡಿಸಿ, ಸಕ್ಕರೆ ಹೆಚ್ಚಿದ್ದರೆ ಹುಣ್ಣು ಮಾಯುವುದು ನಿಧಾನ.

ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೊರಡಬೇಕಾದದ್ದು ಯಾವಾಗ? ಕಪ್ಪುಗುಡ್ಡೆಯ ಹಿಂದೆ ಕೆಳಭಾಗದಲ್ಲಿ ಕೀವಿನ ಬಿಳಿ ಗೆರೆ ಕಂಡರೆ, ಇದ್ದದ್ದು ಮೇಲೇರಿದರೆ. ದೃಷ್ಟಿ ಒಮ್ಮೆಲೇ ಇಳಿದರೆ. ನೋವು ಹೆಚ್ಚಾದರೆ. ಎಲ್ಲಕ್ಕಿಂತ ಮುಖ್ಯವಾಗಿ, ಕಣ್ಣಿಂದ ಬೆಚ್ಚಗೆ ನೀರು ಒಮ್ಮೆಲೇ ಹರಿದರೆ. ಅದರ ಬೆನ್ನಿಗೆ ನೋವು ತಟ್ಟನೆ ಇಳಿದರೂ ಸಮಾಧಾನಪಡಬೇಡಿ. ಕಾರ್ನಿಯಾ ತೂತಾಗಿ ಒಳಗಿನ ದ್ರವ ಹೊರಬಂದಾಗಲೂ ಹೀಗಾಗುತ್ತದೆ. ಆಗ ಕಣ್ಣನ್ನು ಒತ್ತದೆ, ಹನಿ ಹಾಕಲು ರೆಪ್ಪೆ ಎಳೆಯದೆ, ಮೇಲೆ ಗಟ್ಟಿ ಪ್ಲಾಸ್ಟಿಕ್ ಶೀಲ್ಡ್ ಕೂರಿಸಿ, ಕಾರ್ನಿಯಾ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಅದೇ ದಿನ ಹೋಗಬೇಕು. ಸಣ್ಣ ತೂತನ್ನು ಅಂಟು ಹಾಕಿ ಮುಚ್ಚಬಹುದು, ದೊಡ್ಡದಾದರೆ ಕಸಿ. ಹುಬ್ಬಳ್ಳಿಯೋ ಮಣಿಪಾಲವೋ ಎಂದು ಈಗಲೇ ವೈದ್ಯರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ರಾತ್ರಿ ಅರಬೈಲ್ ಘಾಟಿ ಹತ್ತುವ ಹೊತ್ತಿಗೆ ಫೋನ್ ಮಾಡಿ ವಿಚಾರಿಸುವಂತಾಗಬಾರದು.

ಮನೆಯಲ್ಲಿ ಕೊಯ್ಲು ಇನ್ನೂ ಮುಗಿದಿಲ್ಲ ಎಂದಿದ್ದೀರಿ, ಅದಕ್ಕೇ ಇದನ್ನೂ ಹೇಳಬೇಕು. ನಂದಿಬಟ್ಟಲ ಹೂವಿನ ರಸ, ಎದೆಹಾಲು, ಹರಳೆಣ್ಣೆ ಯಾವುದೂ ಗೀರು ಬಿದ್ದ ಕಣ್ಣಿಗೆ ಬೇಡ, ರೋಗಾಣುವನ್ನು ಗಾಯದೊಳಗೇ ಇಳಿಸಿದಂತಾಗುತ್ತದೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಕಣ್ಣಿಗೆ ಗೀರಾದವರಿಗೆ 1% ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಮುಲಾಮನ್ನು ದಿನಕ್ಕೆ ಮೂರು ಸಲ, ಮೂರು ದಿನ ಹಚ್ಚಿದರು. 2001ರಲ್ಲಿ ಅದರ ವರದಿ ಬಂತು. ಗಾಯವಾಗಿ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ, 24ರಿಂದ 48 ಗಂಟೆ ತಡಮಾಡಿದವರಲ್ಲಿ ನಾಲ್ಕರಲ್ಲೊಬ್ಬರಿಗಿಂತ ಹೆಚ್ಚು ಜನರಿಗೆ ಆಯಿತು. ಅದು ಹೊಸ ಗೀರಿಗೆ ಮಾತ್ರ, ಆಗಲೇ ಆದ ಹುಣ್ಣಿಗಲ್ಲ. ತೆನೆಯೋ ಸೊಪ್ಪಿನ ಕಡ್ಡಿಯೋ ಅಡಿಕೆ ಸಿಪ್ಪೆಯೋ ತಾಗಿ ಕಣ್ಣು ಚುಚ್ಚುತ್ತಿದ್ದರೆ ಅದೇ ದಿನ ತೋರಿಸಿ. ಕಿತ್ತಳೆ ಬಣ್ಣದ ಫ್ಲೂರೊಸೀನ್ ಪಟ್ಟಿ ತಾಗಿಸಿ ನೀಲಿ ಬೆಳಕಲ್ಲಿ ನೋಡಿದರೆ ಗೀರು ಹಸಿರಾಗಿ ಹೊಳೆದು ಕಾಣುತ್ತದೆ. ಎಲ್ಲ ಸೇರಿ ಕೆಲವೇ ನಿಮಿಷದ ಕೆಲಸ.

ಕಲೆ ಹೋಗುತ್ತದೆಯೇ ಎಂದು ಕೇಳಿದ್ದಿರಿ. ಫಂಗಸ್ ಪೂರ್ತಿ ಸತ್ತ ಮೇಲೂ ಒಂದು ಗುರುತು ಉಳಿಯುತ್ತದೆ, ತಿಂಗಳುಗಳಲ್ಲಿ ತೆಳುವಾಗಬಹುದು. ಪಾಪೆಯಿಂದ ಪಕ್ಕಕ್ಕಿದ್ದರೆ ನೋಟಕ್ಕೆ ಅಷ್ಟು ಅಡ್ಡಿಯಿಲ್ಲ. ನಟ್ಟನಡುವೆ ಇದ್ದು ದೃಷ್ಟಿ ತಡೆಯುತ್ತಿದ್ದರೆ, ಕಣ್ಣು ಶಾಂತವಾಗಿ ಕೆಲವು ತಿಂಗಳು ಕಳೆದ ಮೇಲೆ ಕಾರ್ನಿಯಾ ಕಸಿಯ ಬಗ್ಗೆ ಮಾತಾಡಬಹುದು. ಸೋಂಕು ಉರಿಯುತ್ತಿರುವಾಗ ಮಾಡುವ ತುರ್ತು ಕಸಿಗಿಂತ, ತಣ್ಣಗಾದ ಕಣ್ಣಿಗೆ ಮಾಡುವ ಕಸಿ ಸ್ವಚ್ಛವಾಗಿ ಉಳಿಯುವ ಸಾಧ್ಯತೆ ಹೆಚ್ಚು. ಹುಣ್ಣು ನಡುವಿದೆಯೋ ಪಕ್ಕಕ್ಕಿದೆಯೋ ಎಂದು ಮುಂದಿನ ಸಲ ಹೋದಾಗ ಕೇಳಿ, ಚೀಟಿಯ ಮೇಲೆ ಒಂದು ಚಿತ್ರ ಬರೆದು ತೋರಿಸಲು ಹೇಳಿ.