ನವೆಂಬರಿನ ಕತ್ತಲಿಗೆ ಒಂದು ಹಿಡಿ ಏಲಕ್ಕಿ

ನೀನು ಕೇಳಿದ್ದು ಇಷ್ಟು: ಅಕ್ಟೋಬರ್ ಕೊನೆಗೆ ಗಂಡ ಮತ್ತು ಮೂರು ವರ್ಷದ ಮಗಳ ಜೊತೆ ಸ್ವೀಡನ್ನಿನ ವೆಸ್ಟರೋಸ್‌ಗೆ ಬರುತ್ತಿದ್ದೀಯ. ಚಳಿ ತಡೆಯೋಕಾಗುತ್ತಾ, ಗಂಡ ಆಫೀಸಿಗೆ ಹೋದ ಮೇಲೆ ದಿನವಿಡೀ ಏನು ಮಾಡೋದು, ಅಲ್ಲಿ ಎಲ್ಲರೂ ಮನೆಯಲ್ಲೇ ಬನ್ನು ಬಿಸ್ಕತ್ತು ಮಾಡ್ತಾರಂತೆ, ನಾನು ಓವನ್ ಮುಟ್ಟಿದವಳೇ ಅಲ್ಲ ಅಂತ. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನನ್ನ ಊರು ಹಾವೇರಿ. ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯಿತು.

ಚಳಿಗೆ ಹೆದರಬೇಡ. ಮನೆಯೊಳಗೆ ಯಾವಾಗಲೂ ಬೆಚ್ಚಗಿರುತ್ತದೆ, ಬಾಡಿಗೆ ಫ್ಲ್ಯಾಟುಗಳಲ್ಲಿ ಸಾಮಾನ್ಯವಾಗಿ ಅದರ ಖರ್ಚು ಬಾಡಿಗೆಯಲ್ಲೇ ಸೇರಿರುತ್ತದೆ. ಹೊರಗೆ ಹೋಗುವಾಗ ಮೈಗೆ ಅಂಟಿದ ಹಾಗೆ ಉಣ್ಣೆಯ ಒಳಉಡುಪು, ಮೇಲೆ ಗಾಳಿ ತಡೆಯುವ ಜಾಕೆಟ್ಟು. ಇದನ್ನು ಇಲ್ಲೇ ಕೊಳ್ಳು. ಬೆಂಗಳೂರಿನಲ್ಲಿ ಸಿಗುವ ದಪ್ಪ ಜಾಕೆಟ್ಟಿಗೆ ದುಡ್ಡು ಹಾಕಬೇಡ.

ಕಷ್ಟ ಕೊಡುವುದು ಕತ್ತಲು. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ನೀನು ಬಂದಿಳಿಯುವುದೇ ಆ ಹೊತ್ತಿಗೆ. ನಿನ್ನೆ ಐದೂವರೆಗೆ ಕತ್ತಲಾಗುತ್ತಿದ್ದದ್ದು ಇವತ್ತು ನಾಲ್ಕೂವರೆಗೇ ಆಗುತ್ತದೆ. ಡಿಸೆಂಬರಿನಲ್ಲಂತೂ ಸೂರ್ಯ ಒಂಬತ್ತರ ಹತ್ತಿರ ಹುಟ್ಟಿ, ಮಧ್ಯಾಹ್ನ ಮೂರಕ್ಕೆ ಮೊದಲೇ ಮುಳುಗುತ್ತಾನೆ. ಅದಕ್ಕಿಂತ ನವೆಂಬರ್ ಜಾಸ್ತಿ ಭಾರ. ಎಲೆ ಉದುರಿರುತ್ತದೆ, ಹಿಮ ಇನ್ನೂ ನಿಂತಿರುವುದಿಲ್ಲ, ನೆಲ ಆಕಾಶ ಎರಡೂ ಒದ್ದೆ ಬೂದಿಯ ಬಣ್ಣ. ಹಿಮ ಬಿದ್ದ ಮೇಲೆ ಬೀದಿದೀಪದ ಬೆಳಕೇ ದುಪ್ಪಟ್ಟಾಗಿ ಕಾಣುತ್ತದೆ.

ನನ್ನ ಮೊದಲ ನವೆಂಬರಿನಲ್ಲಿ ನಾನು ಕರ್ಟನ್ ಎಳೆದು, ಫೋನಿನಲ್ಲಿ ಊರಿನವರ ಜೊತೆ ಮಾತಾಡುತ್ತಾ ಕೂತುಬಿಟ್ಟೆ. ಮಧ್ಯಾಹ್ನವೇ ನಿದ್ದೆ, ರಾತ್ರಿ ಎಚ್ಚರ. ಯಾಕೆ ಅಳು ಬರುತ್ತಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ತಿಂಗಳ ಕೊನೆಯಲ್ಲಿ ಒಂದು ಸಂಜೆ ಮೇಲಿನ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಇಡೀ ಕಟ್ಟಡದಲ್ಲಿ ನಿಮ್ಮ ಕಿಟಕಿ ಒಂದೇ ಕತ್ತಲಾಗಿದೆ, ದೀಪ ಇಲ್ಲವಾ, ನನ್ನ ಹತ್ತಿರ ಎರಡಿವೆ ಅಂದರು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಇಲ್ಲಿ ಅಡ್ವೆಂಟ್ ಅನ್ನುತ್ತಾರೆ. ಮೊದಲ ಭಾನುವಾರದ ಹೊತ್ತಿಗೆ ಮನೆಮನೆಯ ಕಿಟಕಿಯಲ್ಲೂ ಏಳು ದೀಪದ ಒಂದು ಕಮಾನು, ಮೇಲೆ ಕಾಗದದ ನಕ್ಷತ್ರ ಬರುತ್ತದೆ. ಒಳಗೆ ಮೇಜಿನ ಮೇಲೆ ನಾಲ್ಕು ಮೇಣದಬತ್ತಿ ಇಟ್ಟು, ವಾರಕ್ಕೊಂದನ್ನು ಹೆಚ್ಚಿಗೆ ಹಚ್ಚುತ್ತಾ ಹೋಗುತ್ತಾರೆ. ನಮ್ಮ ದೀಪಾವಳಿ ಅದಕ್ಕೆ ಸ್ವಲ್ಪ ಮುಂಚೆ ಮುಗಿದಿರುತ್ತದೆ, ಅಲ್ವಾ? ಹಣತೆಗಳನ್ನು ಡಬ್ಬಕ್ಕೆ ಹಾಕಬೇಡ. ನಮ್ಮ ಮನೆಯಲ್ಲಿ ದೀಪಾವಳಿಯಿಂದ ಸಂಕ್ರಾಂತಿವರೆಗೂ ಕಿಟಕಿಯಲ್ಲಿ ದೀಪ ಆರುವುದಿಲ್ಲ.

ಆ ಅಜ್ಜಿಯೇ ನನಗೆ ಓವನ್ ಹಚ್ಚುವುದು ಕಲಿಸಿದ್ದು. ಡಿಸೆಂಬರ್ 13 ಲೂಸಿಯಾ ಹಬ್ಬ. ಹಳೆಯ ಪಂಚಾಂಗದ ಪ್ರಕಾರ ಅದು ವರ್ಷದ ಅತಿ ಉದ್ದದ ರಾತ್ರಿ. ಆ ದಿನಕ್ಕೆ ಕೇಸರಿ ಹಾಕಿದ ಲುಸ್ಸೆಕಟ್ಟೆರ್ ಅನ್ನುವ ಬನ್ನು ಮಾಡುತ್ತಾರೆ. ಅಜ್ಜಿ ಒಂದು ಗ್ರಾಂ ಕೇಸರಿಯನ್ನು ಸಕ್ಕರೆ ಗಡ್ಡೆಯೊಂದರ ಜೊತೆ ಕುಟ್ಟಾಣಿಗೆ ಹಾಕಿ ಅರೆದರು. ಸಕ್ಕರೆ ಹರಳು ಕೇಸರಿಯನ್ನು ನುಣ್ಣಗೆ ಪುಡಿ ಮಾಡುತ್ತದೆ, ಬಣ್ಣ ಪೂರ್ತಿ ಬಿಡುತ್ತದೆ. ಆಮೇಲೆ ಹಿಟ್ಟನ್ನು ಬೆರಳ ದಪ್ಪ ಹೊಸೆದು, ಎರಡೂ ತುದಿಯನ್ನು ವಿರುದ್ಧ ದಿಕ್ಕಿಗೆ ಸುರುಳಿ ಸುತ್ತಿ, ಪ್ರತಿ ಸುರುಳಿಯ ನಡುವೆ ಒಂದೊಂದು ಒಣದ್ರಾಕ್ಷಿ ಒತ್ತಿದರು. ಸುಮ್ನೆ ಮೇಲೆ ಇಟ್ಟರೆ ಉಬ್ಬಿದಾಗ ಉದುರುತ್ತದೆ, ತಳ ಮುಟ್ಟುವ ಹಾಗೆ ಒತ್ತಬೇಕು ಅಂತ ನನ್ನ ಬೆರಳನ್ನು ತಾವೇ ಹಿಡಿದು ಒತ್ತಿಸಿದರು.

ಅಳತೆ ಬರೆದುಕೋ. ಐದು ಡೆಸಿಲೀಟರ್ ಹಾಲು (ಒಂದು ಡೆಸಿಲೀಟರ್ ಅಂದರೆ ನೂರು ಮಿಲಿಲೀಟರ್), 50 ಗ್ರಾಂ ಹಸಿ ಈಸ್ಟ್, ಒಂದು ಗ್ರಾಂ ಕೇಸರಿ, 175 ಗ್ರಾಂ ಬೆಣ್ಣೆ, ಒಂದೂವರೆ ಡೆಸಿಲೀಟರ್ ಸಕ್ಕರೆ, ಚಿಟಿಕೆ ಉಪ್ಪು, ಸುಮಾರು ಹದಿನೈದು ಡೆಸಿಲೀಟರ್ ಮೈದಾ. ಇಲ್ಲಿ ಹಿಟ್ಟನ್ನೂ ತೂಕ ಮಾಡುವುದಿಲ್ಲ, ಡೆಸಿಲೀಟರ್ ಅಳತೆಯಲ್ಲೇ ಹಾಕುತ್ತಾರೆ. ಆ ಅಳತೆ ಚಮಚಗಳ ಗೊಂಚಲು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಬಂದ ಕೂಡಲೇ ಕೊಳ್ಳು. ಈಸ್ಟ್ 50 ಗ್ರಾಮಿನ ಪುಟ್ಟ ಪೊಟ್ಟಣದಲ್ಲಿ ಹಾಲು ಬೆಣ್ಣೆಯ ಫ್ರಿಜ್ಜಿನ ಹತ್ತಿರ ಇರುತ್ತದೆ. ಕೇಸರಿ ಅರ್ಧ ಗ್ರಾಮಿನ ಪೊಟ್ಟಣದಲ್ಲಿ ಬರುತ್ತದೆ. ಎಷ್ಟೋ ಕಡೆ ಅದನ್ನು ಕೌಂಟರಿನಲ್ಲಿ ಕೇಳಿಯೇ ತೆಗೆದುಕೊಳ್ಳಬೇಕು.

ಹಾಲು ಬಿಸಿ ಜಾಸ್ತಿಯಾದರೆ ಈಸ್ಟ್ ಸಾಯುತ್ತದೆ. ನಾನೇ ಮಾಡಿದ ಮೊದಲ ಸಲ ಹಿಟ್ಟು ಎರಡು ಗಂಟೆಯಾದರೂ ಅಲ್ಲಾಡಲಿಲ್ಲ, ಅಷ್ಟು ಕೇಸರಿ ಹಾಳಾಯಿತು ಅಂತ ತುಂಬಾ ಬೇಜಾರಾಯಿತು. ಇಲ್ಲಿನವರು ಹಾಲು 37 ಡಿಗ್ರಿ ಇರಬೇಕು ಅನ್ನುತ್ತಾರೆ. ನಿನಗೆ ಥರ್ಮಾಮೀಟರ್ ಬೇಡ. ಮೊಸರಿಗೆ ಹೆಪ್ಪು ಹಾಕುವಾಗ ಬೆರಳು ಅದ್ದಿ ನೋಡುತ್ತೀಯಲ್ಲ, ಅಷ್ಟೇ ಬಿಸಿ. ಇಡ್ಲಿ ಹಿಟ್ಟು ಹುದುಗು ಬರುವುದನ್ನು ದಿನಾ ನೋಡಿದವಳು ನೀನು. ಓವನ್ ಮುಟ್ಟಿಲ್ಲ ಅನ್ನೋದು ಇಲ್ಲಿ ದೊಡ್ಡ ವಿಷಯವೇ ಅಲ್ಲ. ಅಂದಹಾಗೆ, ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬದಿದ್ದರೆ ಪಾತ್ರೆಯನ್ನು ಓವನ್ನಿನೊಳಗೆ ಇಟ್ಟು, ಒಳಗಿನ ಲೈಟ್ ಮಾತ್ರ ಹಾಕಿಡು. ಬೆಳಿಗ್ಗೆಗೆ ಉಬ್ಬಿರುತ್ತದೆ.

ಬನ್ನಿಗೆ 225 ಡಿಗ್ರಿ, ಐದರಿಂದ ಎಂಟು ನಿಮಿಷ ಸಾಕು. ಬಾಗಿಲ ಮುಂದೆಯೇ ನಿಂತಿರು. ಇವರು ಮೇಲೆ ಮೊಟ್ಟೆ ಸವರುತ್ತಾರೆ, ನಾನು ಹಾಲು ಸವರುತ್ತೇನೆ. ಹೊಳಪು ಸ್ವಲ್ಪ ಕಮ್ಮಿ, ರುಚಿಗೆ ಏನೂ ಆಗಲ್ಲ. ಇಳಿಸಿದ ಮೇಲೆ ಬಟ್ಟೆ ಮುಚ್ಚಿಡು. ಕೇಸರಿ ಬನ್ನು ಮರುದಿನಕ್ಕೇ ಒಣಗುತ್ತದೆ, ಮಿಕ್ಕಿದ್ದನ್ನು ಆರಿದ ಕೂಡಲೇ ಫ್ರೀಜರಿಗೆ ಹಾಕು.

ನನ್ನ ಮನಸ್ಸು ಇಲ್ಲಿ ನಿಂತದ್ದು ಮಾತ್ರ ಏಲಕ್ಕಿಯಿಂದ. ಕೇಸರಿ ಬನ್ನು ಬಿಟ್ಟರೆ ಇಲ್ಲಿನ ಹೆಚ್ಚಿನ ಸಿಹಿ ಬನ್ನಿನ ಹಿಟ್ಟಿಗೆ ಏಲಕ್ಕಿ ಬೇಕೇ ಬೇಕು. ಕಾನೆಲ್‌ಬುಲ್ಲೆ ಅನ್ನುವ ಚಕ್ಕೆ ಬನ್ನಿಗೂ ಹಿಟ್ಟಿನಲ್ಲಿ ಏಲಕ್ಕಿಯೇ. ಅದಕ್ಕೆ 1999ರಿಂದ ಅಕ್ಟೋಬರ್ 4 ಅಂತ ಒಂದು ದಿನವನ್ನೇ ಗೊತ್ತು ಮಾಡಿದ್ದಾರೆ, ಈ ವರ್ಷ ಅದು ನಿನಗೆ ತಪ್ಪುತ್ತದೆ. ಒಂದು ದಿನ ಅಜ್ಜಿ ಏಲಕ್ಕಿ ಕಾಳನ್ನು ತರಿತರಿಯಾಗಿ ಕುಟ್ಟುವಾಗ ಆ ವಾಸನೆಗೆ ನನ್ನ ಕೈ ನಿಂತುಹೋಯಿತು. ನಮ್ಮವ್ವ ಹೋಳಿಗೆ ಹೂರಣಕ್ಕೆ ಕುಟ್ಟುವುದು ಹೀಗೆಯೇ. ನಮ್ಮೂರಿನಲ್ಲಿ ಇದನ್ನು ಪೋಣಿಸಿ ಹಾರ ಮಾಡುತ್ತಾರೆ ಅಂದೆ. ಅವರು ನಂಬಲಿಲ್ಲ. ನಮ್ಮ ಮದುವೆಯ ಫೋಟೋ ತೋರಿಸಿದೆ. ಹಾವೇರಿಯ ಏಲಕ್ಕಿ ಹಾರವನ್ನು ಅವರು ಕನ್ನಡಕ ಬದಲಿಸಿ, ದೊಡ್ಡದು ಮಾಡಿ ಮಾಡಿ ನೋಡಿದರು. ಇಷ್ಟೊಂದು ಏಲಕ್ಕಿಯನ್ನು ಕೊರಳಿಗೆ ಹಾಕುತ್ತೀರಾ ಅಂದರು. ಇಲ್ಲಿನ ಅಂಗಡಿ ಏಲಕ್ಕಿ ಹೆಚ್ಚಾಗಿ ಗ್ವಾಟೆಮಾಲಾದ್ದು, ಆದರೆ ಗಿಡದ ತವರು ನಮ್ಮ ಪಶ್ಚಿಮ ಘಟ್ಟ. ಮುಂದಿನ ಸಲ ಊರಿಗೆ ಹೋದಾಗ ಅವರಿಗೆ ಒಂದು ಸಣ್ಣ ಹಾರ ತಂದುಕೊಟ್ಟೆ. ಅಜ್ಜಿ ಈಗಿಲ್ಲ. ಹಾರ ಅವರ ಅಡುಗೆಮನೆಯಲ್ಲಿ ಕೊನೆಯವರೆಗೂ ನೇತಾಡುತ್ತಿತ್ತು.

ಮಗಳ ವಿಷಯ. ಪ್ರೀಸ್ಕೂಲಿನಲ್ಲಿ ಸೀಟು ಸಿಗುವವರೆಗೆ ಓಪನ್ ಪ್ರೀಸ್ಕೂಲಿಗೆ ಕರೆದುಕೊಂಡು ಹೋಗು. ಅದಕ್ಕೆ ಓಪ್ನಾ ಫೋರ್‌ಸ್ಕೂಲಾ ಅನ್ನುತ್ತಾರೆ. ದುಡ್ಡು ಕೊಡಬೇಕಿಲ್ಲ, ತಾಯಿಯೋ ತಂದೆಯೋ ಜೊತೆಗೇ ಇರಬೇಕು. ಅಲ್ಲಿ ಹಾಡು ಹೇಳಿಸುತ್ತಾರೆ, ಆಮೇಲೆ ಫೀಕಾ ಅಂದರೆ ಕಾಫಿ ಮತ್ತು ಏನಾದರೂ ಸಿಹಿ. ನನಗೆ ಭಾಷೆ ಬಂದದ್ದು ಕ್ಲಾಸಿಗಿಂತ ಅಲ್ಲಿನ ಮೇಜಿನ ಸುತ್ತ. ಮಕ್ಕಳು ಮಳೆ ಹಿಮ ಏನೇ ಇದ್ದರೂ ಹೊರಗೆ ಆಡುತ್ತಾರೆ. ನೋಡಿದರೆ ಹೊಟ್ಟೆ ಕಲಸುತ್ತದೆ, ಆದರೂ ಬಿಡು. ಜಾಕೆಟ್ಟಿಗೆ ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಸ್ ಬಿಲ್ಲೆ ನೇತುಹಾಕು, ನಿನಗೂ ಹಾಕಿಕೋ, ಕತ್ತಲಲ್ಲಿ ಕಾರಿನವರಿಗೆ ಕಾಣಬೇಕು. ವಿಟಮಿನ್ ಡಿ ಹನಿ ಬಗ್ಗೆ ಮಕ್ಕಳ ಆರೋಗ್ಯ ಕೇಂದ್ರದಲ್ಲಿ ಮೊದಲ ಭೇಟಿಯಲ್ಲೇ ಕೇಳು. ನಮ್ಮ ಮೈಬಣ್ಣಕ್ಕೆ ಇಲ್ಲಿನ ಬಿಸಿಲು ಸಾಲದು. ನಿನಗೆ ಬೇಕಾ ಅಂತಲೂ ಕೇಳು.

ಡಿಸೆಂಬರಿನಲ್ಲಿ ಅವಳ ಜೊತೆ ಪೆಪ್ಪರ್‌ಕಾಕೋರ್ ಮಾಡು. ಶುಂಠಿ, ಚಕ್ಕೆ, ಲವಂಗ ಹಾಕಿದ ತೆಳು ಬಿಸ್ಕತ್ತು ಅದು. ಹಿಟ್ಟು ಒಂದು ರಾತ್ರಿ ಫ್ರಿಜ್ಜಿನಲ್ಲಿರಬೇಕು, ಆಮೇಲೆ ಲಟ್ಟಣಿಗೆಯಲ್ಲಿ ಚಪಾತಿಗಿಂತ ತೆಳ್ಳಗೆ. ಅಂಗೈ ಮೇಲಿಟ್ಟು ಮೇಲಿಂದ ಒತ್ತಿದಾಗ ಮೂರು ತುಂಡಾದರೆ ಅಂದುಕೊಂಡದ್ದು ಆಗುತ್ತದಂತೆ. ಮಕ್ಕಳು ಮೂರು ತುಂಡಾಗುವವರೆಗೂ ತಿನ್ನುತ್ತಲೇ ಇರುತ್ತಾರೆ. ಲೂಸಿಯಾ ದಿನ ಬೆಳಿಗ್ಗೆ ಕತ್ತಲಿರುವಾಗಲೇ ಮಕ್ಕಳು ಬಿಳಿ ನಿಲುವಂಗಿ ಹಾಕಿ, ಒಬ್ಬಳು ತಲೆಯ ಮೇಲೆ ದೀಪದ ಕಿರೀಟ ಇಟ್ಟುಕೊಂಡು, ಮೆಲ್ಲಗೆ ಹಾಡುತ್ತಾ ಸಾಲಾಗಿ ಬರುತ್ತಾರೆ. ಎಷ್ಟೇ ನಿದ್ದೆ ಇದ್ದರೂ ಹೋಗಿ ನೋಡು. ಹದಿನಾಲ್ಕು ವರ್ಷ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ.

ಜನವರಿ 13ಕ್ಕೆ ಇವರು ಕ್ರಿಸ್‌ಮಸ್ ಗಿಡ ತೆಗೆದು ಹೊರಗೆ ಹಾಕುತ್ತಾರೆ, ಪೆಪ್ಪರ್‌ಕಾಕೋರ್ ಹಿಟ್ಟಿನಿಂದ ಕಟ್ಟಿದ ಪುಟ್ಟ ಬಿಸ್ಕತ್ತಿನ ಮನೆಯನ್ನು ಮಕ್ಕಳು ಮುರಿದು ತಿನ್ನುತ್ತಾರೆ. ಅದರ ಬೆನ್ನಿಗೇ ನಮ್ಮ ಸಂಕ್ರಾಂತಿ. ಆ ಹೊತ್ತಿಗೆ ಮಧ್ಯಾಹ್ನ ಮೂರಕ್ಕೆ ಇನ್ನೂ ಬೆಳಕಿರುತ್ತದೆ. ಎಳ್ಳು ಬೆಲ್ಲ ಹಿಡಿದು ಅಕ್ಕಪಕ್ಕದ ಬಾಗಿಲು ತಟ್ಟು. ಈಸ್ಟರ್‌ಗೆ 47 ದಿನ ಮುಂಚಿನ ಮಂಗಳವಾರ ಸೆಮ್ಲಾ ಬರುತ್ತದೆ: ಏಲಕ್ಕಿ ಬನ್ನಿನೊಳಗೆ ಬಾದಾಮಿ ಹೂರಣ, ಮೇಲೆ ಕೆನೆ. ಅದನ್ನು ಮಾತ್ರ ನಾನು ಬೇಕರಿಯಲ್ಲೇ ತಿನ್ನುತ್ತೇನೆ.

ಸೂಟ್‌ಕೇಸಿನಲ್ಲಿ ತುಪ್ಪ, ಪೇಢೆ ಇಡಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಇಲ್ಲಿಯ ಬೆಣ್ಣೆ ಕಾಯಿಸಿದರೆ ಒಳ್ಳೆಯ ತುಪ್ಪವೇ ಬರುತ್ತದೆ. ಹಣತೆ ತಾ, ಸಿಪ್ಪೆ ಸಮೇತ ಏಲಕ್ಕಿ ತಾ, ಒಂದು ಸಣ್ಣ ಕಲ್ಲಿನ ಕುಟ್ಟಾಣಿ ತಾ. ಬಂದ ವಾರವೇ ಫೋನ್ ಮಾಡು. ನವೆಂಬರ್ ಮೊದಲ ಶನಿವಾರದ ಹೊತ್ತಿಗೆ ಇಲ್ಲಿ ಸ್ಮಶಾನಗಳಲ್ಲಿ ಎಲ್ಲರೂ ತಮ್ಮ ಹಿರಿಯರ ಗೋರಿಗೆ ದೀಪ ಇಡುತ್ತಾರೆ. ಅಜ್ಜಿಗೆ ನಾನೂ ಒಂದು ಇಡುತ್ತೇನೆ. ಮಗಳನ್ನು ಬೆಚ್ಚಗೆ ಸುತ್ತಿಕೊಂಡು ನೀನೂ ಬಾ, ಆಮೇಲೆ ನಮ್ಮ ಮನೆಯಲ್ಲಿ ಮೊದಲ ಹಿಟ್ಟು ಕಲಸೋಣ.